ನಾಗಸ್ವರ ಕಲಿತವರು ಸ್ಯಾಕ್ಸೋಫೋನ್ ಹಿಡಿದು ಬಂದರು: ಚಾರ್ಲಿ ಮಾರಿಯಾನೋ ಅವರ ‘ಜ್ಯೋತಿ’

ಮೊದಲು ಸರಕು ಯಾವುದೆಂದು ಹೇಳಿಬಿಡುತ್ತೇನೆ. ‘ಜ್ಯೋತಿ’ ಅಂತ ಒಂದು ಎಲ್‌ಪಿ. ಜರ್ಮನಿಯ ಇಸಿಎಂ ಕಂಪನಿಯದ್ದು, ನಂಬರ್ 1256. 1983ರ ಫೆಬ್ರವರಿಯಲ್ಲಿ ಲುಡ್ವಿಗ್ಸ್‌ಬುರ್ಗ್ ಎಂಬ ಊರಿನ ಬಾವರ್ ಸ್ಟುಡಿಯೋದಲ್ಲಿ ರೆಕಾರ್ಡ್ ಆದದ್ದು, ನಿರ್ಮಾಪಕ ಮಾನ್‌ಫ್ರೆಡ್ ಐಶರ್. ಊದಿದವರು ಅಮೆರಿಕದ ಚಾರ್ಲಿ ಮಾರಿಯಾನೋ. ಉಳಿದವರೆಲ್ಲ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು. ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಮಾಮಣಿ ಹಾಡು ಮತ್ತು ತಂಬೂರಿ, ಆರ್.ಎ. ರಾಜಗೋಪಾಲ್ ಘಟ, ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಖಂಜಿರ. ಬಾಯಲ್ಲಿ ಕೊನ್ನಕ್ಕೋಲೂ ಉಂಟು, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲೇ ಹೇಳುವುದು. ನಲವತ್ತು ವರ್ಷ ದಾಟಿದ ರೆಕಾರ್ಡಿಗೆ ಈಗೆಂತ ವಿಮರ್ಶೆ ಅಂತ ನೀವು ಕೇಳಬಹುದು. ಊದುವವರ ಕಡೆಯಿಂದ ಇದರ ಬಗ್ಗೆ ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೆ.

ನಾನು ವಾದ್ಯ ರಿಪೇರಿಯವ. ಸ್ಯಾಕ್ಸೋಫೋನ್, ಕ್ಲಾರಿನೆಟ್, ಟ್ರಂಪೆಟ್. ಪುತ್ತೂರು, ಬಂಟ್ವಾಳ, ಬೆಳ್ತಂಗಡಿ ಕಡೆಯ ವಾದ್ಯದವರು ಮದುವೆ ಸೀಸನ್ ಮುಗಿದ ಮೇಲೆ ತಂದು ಹಾಕ್ತಾರೆ. ಸಮುದ್ರದ ಬದಿಯವರ ವಾದ್ಯವಾದರೆ ಸ್ಪ್ರಿಂಗಿಗೆ ತುಕ್ಕು. ಘಟ್ಟದ ಬುಡದವರದ್ದಾದರೆ ಮಳೆಗಾಲದ ತೇವಕ್ಕೆ ಚರ್ಮದ ಪ್ಯಾಡ್ ಉಬ್ಬಿ ಕೀ ಸರಿಯಾಗಿ ಕೂರುವುದಿಲ್ಲ, ಗಾಳಿ ಸೋರಿ ಕೆಳಗಿನ ಸ್ವರ ಹೊರಡುವುದೇ ಇಲ್ಲ. ನನ್ನ ಸಂಗೀತ ಜ್ಞಾನ ಅಂದರೆ ಗಾಳಿ ಎಲ್ಲಿಂದ ಹೋಗ್ತದೆ, ಎಲ್ಲಿ ಸೋರ್ತದೆ ಅನ್ನುವಷ್ಟು. ಅಪ್ಪ ಮಾತ್ರ ನಿಜವಾಗಿ ಊದುವವರು. ಮೊದಲು ನಾಗಸ್ವರ ಊದುತ್ತಿದ್ದರು, ಆಮೇಲೆ ನಮ್ಮ ಜಿಲ್ಲೆಯ ಹೆಚ್ಚಿನವರ ಹಾಗೆ ಸ್ಯಾಕ್ಸೋಫೋನಿಗೆ ಬಂದರು.

ಈ ‘ಹೆಚ್ಚಿನವರ ಹಾಗೆ’ ಅನ್ನುವುದರ ಹಿಂದೆ ಇರುವವರು ಕದ್ರಿ ಗೋಪಾಲನಾಥರು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಟ್ವಾಳ ತಾಲೂಕಿನ ಸಜಿಪದವರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು, ಕರ್ನಾಟಕ ಸಂಗೀತವನ್ನು ಅದರಲ್ಲಿ ಕೂರಿಸಲು ವರ್ಷಗಟ್ಟಲೆ ಒದ್ದಾಡಿದರು. ಈಗ ದಕ್ಷಿಣ ಕನ್ನಡದಲ್ಲಿ ಸ್ಯಾಕ್ಸೋಫೋನ್ ಇಲ್ಲದ ಮದುವೆ, ಜಾತ್ರೆ ಹುಡುಕಿದರೂ ಸಿಕ್ಕುವುದು ಕಷ್ಟ. ಮಾರಿಯಾನೋ ಅವರದ್ದು ಇದರ ಉಲ್ಟಾ ದಾರಿ. ಹುಟ್ಟಿದ್ದು 1923ರಲ್ಲಿ ಬಾಸ್ಟನ್ನಿನ ಇಟಾಲಿಯನ್ ಮನೆತನದಲ್ಲಿ, ಬೆಳೆದದ್ದು ಸ್ಯಾಕ್ಸೋಫೋನಿನ ಜೊತೆ. ನಲವತ್ತು ದಾಟಿದ ಮೇಲೆ ನಾಗಸ್ವರ ಕೇಳಿ ಮರುಳಾದರು. ನಮ್ಮವರೊಬ್ಬರು ಆ ಕಡೆಯಿಂದ ಈ ಕಡೆಗೆ, ಅವರು ಈ ಕಡೆಯಿಂದ ಆ ಕಡೆಗೆ. ಇಬ್ಬರೂ ದಾರಿಯಲ್ಲಿ ಎದುರಾಗಿದ್ದರೆ ಎಂತ ಮಾತಾಡುತ್ತಿದ್ದರೋ ಎಂದು ಅಪ್ಪ ಒಮ್ಮೆ ನಗಾಡಿದ್ದುಂಟು.

ಮಾರಿಯಾನೋ ಅವರ ಹಿಂದಿನ ಕತೆ ಗೊತ್ತಿಲ್ಲದೆ ‘ಜ್ಯೋತಿ’ ಕೇಳಿದರೂ ನಷ್ಟವೇನಿಲ್ಲ. ಗೊತ್ತಿದ್ದರೆ ಕಿವಿ ಬೇರೆ ಜಾಗದಲ್ಲಿ ನಿಲ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ಬ್ಯಾಂಡಿನಲ್ಲಿ ಊದಿದವರು. ಆ ತಲೆಮಾರಿನ ಆಲ್ಟೋದವರೆಲ್ಲ (ಆಲ್ಟೋ ಅಂದರೆ ನಡು ಗಾತ್ರದ ಸ್ಯಾಕ್ಸೋಫೋನ್) ಜಾಜ್ ದಿಗ್ಗಜ ಚಾರ್ಲಿ ಪಾರ್ಕರ್ ನೆರಳಿನಲ್ಲಿ ಬೆಳೆದವರೇ, ಇವರೂ ಹಾಗೆಯೇ. ಯುದ್ಧ ಮುಗಿದ ಮೇಲೆ ಬಾಸ್ಟನ್ನಿನ ಶಿಲಿಂಗರ್ ಹೌಸ್‌ನಲ್ಲಿ ಕಲಿತರು. ಅದೇ ಮುಂದೆ ಬರ್ಕ್‌ಲೀ ಎಂದು ಹೆಸರಾದ ಶಾಲೆ, ಅಲ್ಲಿ ಆಮೇಲೆ ಪಾಠವನ್ನೂ ಮಾಡಿದರು. 1950ರ ದಶಕದ ನಡುವೆ ಸ್ಟ್ಯಾನ್ ಕೆಂಟನ್ ಅವರ ದೊಡ್ಡ ಬ್ಯಾಂಡ್, ಅದಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಡ್ರಮ್ಮಿನ ಶೆಲ್ಲಿ ಮ್ಯಾನ್ ಜೊತೆ. ಜಪಾನಿನ ಪಿಯಾನೋ ವಾದಕಿ ತೋಶಿಕೋ ಅಕಿಯೋಶಿ ಅವರನ್ನು ಮದುವೆಯಾದರು, ಇಬ್ಬರ ಹೆಸರಿನಲ್ಲಿ ಒಂದು ಕ್ವಾರ್ಟೆಟ್ಟೂ ನಡೆಯಿತು. ಮಗಳು ಮಂಡೇ ಮಿಚಿರು ಈಗ ತನ್ನದೇ ಹೆಸರಿನ ಗಾಯಕಿ.

ಇಲ್ಲಿಯವರೆಗೆ ಚೆನ್ನಾಗಿ ಊದುವ ಅಮೆರಿಕದ ಒಬ್ಬ ಆಲ್ಟೋ ವಾದಕ, ಅಷ್ಟೇ ಅನ್ನಬಹುದು. ಆ ಮಾತನ್ನು ಅಲ್ಲಿಗೇ ನಿಲ್ಲಿಸಿದ್ದು 1963ರ ಜನವರಿ 20. ಆ ದಿನ ನ್ಯೂಯಾರ್ಕಿನಲ್ಲಿ ಜಾಜ್ ಬಾಸ್ ವಾದಕ, ಸಂಯೋಜಕ ಚಾರ್ಲ್ಸ್ ಮಿಂಗಸ್ ಹನ್ನೊಂದು ಜನರ ಬ್ಯಾಂಡ್ ಕಟ್ಟಿಕೊಂಡು ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ರೆಕಾರ್ಡ್ ಮಾಡಿದರು. ಜಾಜ್ ಕೇಳುವವರಿಗೆ ಅದರ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಕೇಳದವರಿಗೆ ಒಂದು ಮಾತು: ಎರಡನೇ ಬದಿ ಹಾಕಿ. ಜೇ ಬರ್ಲಿನರ್ ಸ್ಪ್ಯಾನಿಷ್ ಮಾದರಿಯ ಗಿಟಾರ್ ಮೀಟುವ ಜಾಗಗಳು ಬರ್ತವೆ, ಅವುಗಳ ಸುತ್ತ ಆಲ್ಟೋ ಸ್ಯಾಕ್ಸೋಫೋನ್ ಒಂದು ಅಳ್ತದೆ. ‘ಅಳ್ತದೆ’ ಅನ್ನುವುದಕ್ಕಿಂತ ಬೇರೆ ಶಬ್ದ ನನಗೆ ಸಿಗಲಿಲ್ಲ. ಸ್ವರವನ್ನು ಕೆಳಗಿನಿಂದ ಹಿಡಿದು ಮೇಲಕ್ಕೆ ಎಳೆದು, ಅದು ಸೇರಬೇಕಾದ ಜಾಗ ಸೇರುವ ಮೊದಲೇ ಸ್ವಲ್ಪ ಸಡಿಲ ಬಿಡುವುದು. ಬ್ಯಾಂಡ್ ಊದಿ ಮುಗಿಸಿದ ಟೇಪಿನ ಮೇಲೆ ಮಾರಿಯಾನೋ ಅವರನ್ನು ಒಬ್ಬರನ್ನೇ ಮತ್ತೆ ಊದಿಸಿ ಸೇರಿಸಿದ ಭಾಗಗಳೂ ಅದರಲ್ಲಿವೆ. ಮಿಂಗಸ್‌ಗೆ ಆ ಸ್ವರ ಎಷ್ಟು ಬೇಕಾಗಿತ್ತು ಎಂದು ಅದರಲ್ಲೇ ತಿಳಿಯುತ್ತದೆ.

ನಾಗಸ್ವರ ಇವರ ಕೈಗೆ ಬರುವ ಮೊದಲೇ ಇವರ ತುಟಿಯಲ್ಲಿ ಜಾರು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಗುಣ, ಇತ್ತು ಎನ್ನುವುದಕ್ಕೆ ನನಗೆ ಅದೇ ಸಾಕ್ಷಿ. 1960ರ ದಶಕದ ಕೊನೆಯಲ್ಲಿ ಮಲೇಷ್ಯಾಕ್ಕೆ ಹೋದರು, ಅಲ್ಲಿನ ರೇಡಿಯೋ ಆರ್ಕೆಸ್ಟ್ರಾದವರಿಗೆ ಕಲಿಸುವುದಕ್ಕೆ ಅಂತ. ಕೌಲಾಲಂಪುರದಲ್ಲಿ ತಮಿಳರು ಬಹಳ, ಅವರ ದೇವಸ್ಥಾನಗಳೂ ಬಹಳ, ಹಾಗಾಗಿ ನಾಗಸ್ವರಕ್ಕೂ ಕಮ್ಮಿ ಇಲ್ಲ. ಕಲಿಸಲು ಹೋದವರು ಕಲಿಯಲು ಕೂತರು. ಮುಂದೆ ದಕ್ಷಿಣ ಭಾರತಕ್ಕೇ ಬಂದು ಕಲಿಕೆ ಮುಂದುವರಿಸಿದರು. ಹೆಸರು ಮಾಡಿ, ಕಾಲೇಜಿನಲ್ಲಿ ಪಾಠ ಮಾಡಿ, ಆ ಪ್ರಾಯದಲ್ಲಿ ಮತ್ತೆ ಮೊದಲ ಪಾಠಕ್ಕೆ ಕೂರುವುದು ಸಣ್ಣ ವಿಷಯ ಅಲ್ಲ ಮಾರಾಯ್ರೆ. ನಾಗಸ್ವರವಂತೂ ಮೊದಲ ತಿಂಗಳು ಕಲಿಯುವವನಿಗೂ ನೆರೆಮನೆಯವರಿಗೂ ಶಿಕ್ಷೆ.

ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಬರ್ತದೆ, ಬೇಡದವರು ಹಾರಿಸಿಕೊಂಡು ಓದಿ. ಸ್ಯಾಕ್ಸೋಫೋನಿನ ಕೊಳವೆ ಬಾಯಿಯ ಹತ್ತಿರ ಸಪೂರ, ಕೆಳಗೆ ಹೋದ ಹಾಗೆ ಅಗಲ. ನಾಗಸ್ವರವೂ ಹಾಗೆಯೇ. ಈ ಆಕಾರದ ಕೊಳವೆಯನ್ನು ಜೋರಾಗಿ ಊದಿದರೆ ಸ್ವರ ಸರಿಯಾಗಿ ಮೇಲಿನ ಸ್ಥಾಯಿಗೆ ಹಾರುತ್ತದೆ. ಕೆಳಗಿನ ‘ಸ’ಕ್ಕೆ ಇಟ್ಟ ಬೆರಳೇ ಮೇಲಿನ ‘ಸ’ಕ್ಕೂ ನಡೆಯುತ್ತದೆ. ಕ್ಲಾರಿನೆಟ್ಟಿನ ಕೊಳವೆ ಉದ್ದಕ್ಕೂ ಒಂದೇ ಅಗಲ, ಅದರಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಸ್ಥಾಯಿಯನ್ನೂ ದಾಟಿ ಇನ್ನೂ ಮೇಲೆ ಹೋಗಿ ನಿಲ್ಲುತ್ತದೆ. ಹಾಗಾಗಿ ಸ್ಯಾಕ್ಸೋಫೋನಿನವರಿಗೆ ನಾಗಸ್ವರ ಬೆರಳಿಗೆ ಅಷ್ಟು ಪರಕೀಯ ಅಲ್ಲ, ಅದರಲ್ಲೂ ನೇರ ಕೊಳವೆಯ ಸೊಪ್ರಾನೋ ಊದುವವರಿಗೆ. ಕಷ್ಟ ಇರುವುದು ತುಟಿಯಲ್ಲಿ. ಸ್ಯಾಕ್ಸೋಫೋನಿಗೆ ಒಂಟಿ ರೀಡು (ಊದಿದರೆ ನಡುಗಿ ಸ್ವರ ಹೊರಡಿಸುವ ತೆಳು ಪಟ್ಟಿ), ಗಟ್ಟಿ ಮೌತ್‌ಪೀಸಿನ ಆಸರೆ ಉಂಟು. ನಾಗಸ್ವರಕ್ಕೆ ಜೋಡಿ ರೀಡು, ಅದಕ್ಕೆ ತುಟಿ ಬಿಟ್ಟರೆ ಬೇರೆ ಆಸರೆ ಇಲ್ಲ. ಸ್ಯಾಕ್ಸೋಫೋನಿನಲ್ಲಿ ಸ್ವರದ ಜಾಗವನ್ನು ಕೀಗಳು ಹಿಡಿದಿಡ್ತವೆ. ನಾಗಸ್ವರಕ್ಕೆ ಕೀಯೇ ಇಲ್ಲ. ಗಮಕ, ಅಂದರೆ ಸ್ವರದ ಅಲುಗಾಟ, ಬರುವುದು ಉಸಿರಿನಲ್ಲಿ, ತುಟಿಯ ಒತ್ತಡದಲ್ಲಿ. ಬೆರಳು ಅಲ್ಲಾಡಿದ್ದು ಕಂಡರೂ ಕೆಲಸ ನಡೆಯುವುದು ಬಾಯೊಳಗೆ. ಕದ್ರಿಯವರಿಗೆ ಇದರ ಉಲ್ಟಾ ತೊಂದರೆ: ಗಮಕವೆಲ್ಲ ಒಳಗೆ ಉಂಟು, ಹೊರಗೆ ಬರಲು ಕೀ ಬಿಡುವುದಿಲ್ಲ. ಅದಕ್ಕೇ ಅವರು ತಮ್ಮ ಸ್ಯಾಕ್ಸೋಫೋನಿಗೆ ಮಾರ್ಪಾಡು ಮಾಡಿಕೊಂಡದ್ದು.

ಹಲವು ವಾದ್ಯ ನುಡಿಸುವವರು ಅಂದರೆ ನನಗೆ ಮೊದಲಿನಿಂದಲೂ ಒಂದು ಸಂಶಯ. ವೇದಿಕೆಯ ಮೇಲೆ ಸ್ಟ್ಯಾಂಡಿನಲ್ಲಿ ಆರು ಕೊಳವೆ ನಿಲ್ಲಿಸಿರುತ್ತಾರೆ, ಒಂದೊಂದನ್ನು ಎತ್ತಿ ಎರಡು ನಿಮಿಷ ಊದಿ ಇಡ್ತಾರೆ, ಜನ ಚಪ್ಪಾಳೆ ಹೊಡೀತಾರೆ. ಎಲ್ಲದರಲ್ಲೂ ಅದೇ ನಾಲ್ಕು ಸಂಗತಿ. ಮಾರಿಯಾನೋ ಅವರ ಆಲ್ಟೋ, ಸೊಪ್ರಾನೋ, ಕೊಳಲು, ನಾಗಸ್ವರ ಈ ನಾಲ್ಕರ ಲೆಕ್ಕ ಬೇರೆ. 1971ರ ಹೊತ್ತಿಗೆ ಅವರು ಯುರೋಪಿಗೆ ಹೋಗಿ ನೆಲೆಸಿದರು. 1973ರಲ್ಲಿ ಜರ್ಮನಿಯ ಎಂಬ್ರಿಯೋ ತಂಡದ ‘ವಿ ಕೀಪ್ ಆನ್’ ರೆಕಾರ್ಡಿನಲ್ಲಿ ನಾಗಸ್ವರ ಊದಿದ್ದಾರೆ. ರಾಕ್ ಡ್ರಮ್ಮಿನ ಎದುರು ನಾಗಸ್ವರ ಎಷ್ಟು ಸಲೀಸಾಗಿ ನಿಲ್ತದೆ ಎಂದು ಕೇಳಿಯೇ ತಿಳಿಯಬೇಕು. ಅದು ಡೋಲಿನ ಪಕ್ಕದಲ್ಲಿ ನಿಂತು ಬೆಳೆದ ವಾದ್ಯವಲ್ಲವೇ, ಗಲಾಟೆಗೆ ಹೆದರುವ ಜಾತಿಯದ್ದಲ್ಲ. 1975ರಲ್ಲಿ ಜರ್ಮನಿಯ ಬಾಸ್ ವಾದಕ ಎಬರ್‌ಹಾರ್ಡ್ ವೇಬರ್ ಅವರ ‘ಯೆಲ್ಲೋ ಫೀಲ್ಡ್ಸ್’ ರೆಕಾರ್ಡ್ ಆಯಿತು. ಅದರಲ್ಲಿ ಸೊಪ್ರಾನೋ, ನಾಗಸ್ವರ, ಶಹನಾಯಿ ಮೂರೂ ಇವೆ. ರೈನರ್ ಬ್ರೂನಿಂಗ್‌ಹೌಸ್ ಕೀಬೋರ್ಡಿನ ತೆಳು ಹಾಸಿನ ಮೇಲೆ ಆ ಖಾರದ ದನಿ ಬಂದಾಗ ಮೊದಲು ಬೆಚ್ಚಿಬೀಳ್ತೇವೆ, ಆಮೇಲೆ ಅದೇ ಬೇಕು ಅನಿಸ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಆದ ಮೇಲೆ, ನಾಗಸ್ವರ ಕಲಿತು, ಯುರೋಪಿನ ರೆಕಾರ್ಡುಗಳಲ್ಲಿ ಊದಿ, ಕೊನೆಗೆ ಕರ್ನಾಟಕ ಸಂಗೀತದ ತಂಡದ ಜೊತೆಗೇ ಸ್ಟುಡಿಯೋದಲ್ಲಿ ಕೂತಾಗ ಈ ಮನುಷ್ಯ ಯಾವ ವಾದ್ಯ ತಂದರು? ಸ್ಯಾಕ್ಸೋಫೋನ್ ಮತ್ತು ಕೊಳಲು. ‘ಜ್ಯೋತಿ’ಯಲ್ಲಿ ನಾಗಸ್ವರ ಇಲ್ಲ!

ಮೊದಲ ಸಲ ಹೆಸರುಗಳ ಪಟ್ಟಿ ಓದಿದಾಗ ನನಗೆ ಬೇಜಾರಾಗಿತ್ತು. ಮೃದಂಗ, ಘಟ, ಖಂಜಿರದ ಜೊತೆ ಹೊರಗಿನವರೊಬ್ಬರ ನಾಗಸ್ವರ ಕೇಳುವ ಆಸೆ ಇತ್ತಲ್ಲ. ರೆಕಾರ್ಡ್ ಕೇಳ್ತಾ ಹೋದ ಹಾಗೆ ಅದು ಬೇಕಂತಲೇ ಮಾಡಿದ ಆಯ್ಕೆ ಎಂದು ನನಗೆ ಖಾತ್ರಿಯಾಯಿತು, ಸರಿಯಾದ ಆಯ್ಕೆ ಎಂದೂ ಅನಿಸಿತು. ಜರ್ಮನ್ ಕೀಬೋರ್ಡಿನ ಪಕ್ಕ ನಾಗಸ್ವರ ಊದಿದರೆ ಅದು ಹೊಸ ಬಣ್ಣ. ಮಣಿಯವರ ಮೃದಂಗದ ಪಕ್ಕ ಊದಿದರೆ ಅದು ಕಚೇರಿ. ಕಚೇರಿಯಾದರೆ ಹೋಲಿಕೆ ಶುರು, ಕೇಳುವವರ ಕಿವಿ ತಪ್ಪು ಹುಡುಕಲು ಕೂತುಬಿಡ್ತದೆ. ಮಾರಿಯಾನೋ ಆ ಆಟಕ್ಕೆ ಇಳಿಯಲಿಲ್ಲ. ತನ್ನ ಊರಿನ ವಾದ್ಯ ಹಿಡಿದು, ನಮ್ಮ ವಾದ್ಯದಿಂದ ಕಲಿತದ್ದನ್ನು ಅದರೊಳಗೆ ಇಟ್ಟುಕೊಂಡು ಬಂದರು.

ಮೊದಲ ತುಣುಕು ‘ವಾಯ್ಸ್ ಸೋಲೋ’. ಹೆಸರೇ ಹೇಳುವಂತೆ ರಮಾಮಣಿಯವರ ದನಿ ಒಂದೇ. ರೆಕಾರ್ಡಿನ ಮೇಲೆ ದೊಡ್ಡ ಹೆಸರು ಯಾರದ್ದೋ ಅವರು ಮೊದಲ ತುಣುಕಿನಲ್ಲಿ ಬಾಯಿ ಮುಚ್ಚಿ ಕೂತಿದ್ದಾರೆ. ಈ ಒಂದು ನಿರ್ಧಾರಕ್ಕೆ ನಾನು ಅರ್ಧ ಅಂಕ ಜಾಸ್ತಿ ಕೊಡ್ತೇನೆ. ರಮಾಮಣಿಯವರ ದನಿ ಕೆಳಗಿನ ಸ್ಥಾಯಿಯಲ್ಲಿ ತುಂಬಿಕೊಂಡದ್ದು, ಮೇಲೆ ಹೋದರೂ ಕಿರುಚುವುದಿಲ್ಲ. ಸ್ಟುಡಿಯೋದವರು ಆ ದನಿಯ ಸುತ್ತ ಬಹಳ ಜಾಗ ಬಿಟ್ಟಿದ್ದಾರೆ. ಅದರಿಂದ ಶ್ರುತಿ ಕಿವಿಗೆ ಗಟ್ಟಿಯಾಗಿ ಕೂರ್ತದೆ, ಮುಂದೆ ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’, ‘ಭಜನ್’ ಎಂದು ಹೋಗುವಾಗ ಎಲ್ಲಿ ನಿಂತಿದ್ದೇವೆ ಅನ್ನುವ ಗೊಂದಲ ಇರುವುದಿಲ್ಲ.

ಹಾಡಿನ ಜೊತೆ ಸ್ಯಾಕ್ಸೋಫೋನ್ ಹೋಗುವ ಕ್ರಮ ಗಮನಿಸಿ. ನಮ್ಮಲ್ಲಿ ಹಾಡುಗಾರರಿಗೆ ಪಿಟೀಲಿನವರು ನೆರಳು ಹಿಡಿಯುತ್ತಾರೆ, ಅರೆ ಹೆಜ್ಜೆ ಹಿಂದೆ. ಮಾರಿಯಾನೋ ಹಾಗೆ ಬೆನ್ನು ಹತ್ತುವುದಿಲ್ಲ. ಸಾಲಿನ ಕೊನೆಯಲ್ಲಿ ರಮಾಮಣಿಯವರು ಬಿಟ್ಟುಕೊಟ್ಟ ಜಾಗಕ್ಕೆ ಬಂದು, ಒಂದು ಉದ್ದ ಸ್ವರ ಹಿಡಿದು ನಿಲ್ತಾರೆ. ಆ ಉದ್ದ ಸ್ವರದಲ್ಲೇ ನಾಗಸ್ವರದ ಪಾಠ ಇರುವುದು. ಸ್ವರ ಶುರುವಾಗುವಾಗ ನಾಲಿಗೆಯ ಪೆಟ್ಟು ಇಲ್ಲ, ಉಸಿರಿನಲ್ಲೇ ತೆರೆದುಕೊಳ್ತದೆ. ನಡುವೆ ತುಟಿ ಸ್ವಲ್ಪ ಸಡಿಲವಾಗಿ ಸ್ವರ ಕೆಳಗೆ ಜಾರಿ ಮತ್ತೆ ಜಾಗಕ್ಕೆ ಬರ್ತದೆ. ಆಗ ಕೀ ಮುಚ್ಚಿ ತೆರೆದ ‘ಟಪ್’ ಕೂಡ ಕೇಳುವುದಿಲ್ಲ. ಪ್ಯಾಡ್ ರಿಪೇರಿ ಮಾಡಿದ ಕೈ ನನ್ನದು, ಆ ‘ಟಪ್’ ಇದ್ದರೆ ನನಗೆ ಕೇಳದೆ ಇರುವುದಿಲ್ಲ. ಅಷ್ಟೂ ಬಾಯೊಳಗಿನ ಕೆಲಸ. ಹಾಗೆಂದು ಅದು ಶಂಕರಾಭರಣವೋ ಕಲ್ಯಾಣಿಯೋ ಎಂದು ತೋರಿಸುವ ಹಟವೂ ಇಲ್ಲ. ಇನ್ನೊಂದು ಕ್ಷಣದಲ್ಲಿ ಪಕ್ಕಾ ಬಾಸ್ಟನ್ ಹುಡುಗನ ಓಟ ಒಂದು ಬಂದು ಹೋಗ್ತದೆ, ಬ್ಲೂಸ್ ಸೇರಿಕೊಂಡದ್ದು. ಅದಕ್ಕೂ ಅವರು ನಾಚಿಕೊಳ್ಳುವುದಿಲ್ಲ.

ಅಪ್ಪನಿಗೆ ಕೇಳಿಸಿದೆ. ಅವರು ಹೊಗಳುವುದು ಕಮ್ಮಿ. ಒಂದು ಬದಿ ಮುಗಿಯುವವರೆಗೆ ಮಾತಾಡಲಿಲ್ಲ, ತೊಡೆಯ ಮೇಲೆ ತಾಳ ಹಾಕ್ತಾ ಕೂತಿದ್ದರು.

“ಉಸಿರು ಒಳ್ಳೆದುಂಟು,” ಅಂದರು. “ಇವರು ನಮ್ಮ ವಾದ್ಯ ಮುಟ್ಟಿದವರು, ಅದು ಗೊತ್ತಾಗ್ತದೆ.”

“ಮತ್ತೆ ರಾಗ?” ಅಂತ ಕೇಳಿದೆ.

“ರಾಗದ ಮನೆವರೆಗೆ ಬಂದು ಜಗಲಿಯಲ್ಲೇ ಕೂತಿದ್ದಾರೆ. ಒಳಗೆ ಬನ್ನಿ ಅಂದರೂ ಬರುವ ಹಾಗೆ ಕಾಣುದಿಲ್ಲ.” ಸ್ವಲ್ಪ ಹೊತ್ತು ಬಿಟ್ಟು ಅವರೇ ಸೇರಿಸಿದರು, “ಅದು ಮರ್ಯಾದೆಯೇ. ಒಳಗೆ ನುಗ್ಗಿ ಅಡುಗೆ ಮನೆ ಕಲಡಿದವರನ್ನು ನಾನು ತುಂಬ ನೋಡಿದ್ದೇನೆ.”

ನನಗೂ ಅಪ್ಪನಿಗೂ ಜಗಳ ಹತ್ತಿದ್ದು ತಾಳವಾದ್ಯದ ಧ್ವನಿಯ ವಿಷಯಕ್ಕೆ. ಈ ಕಂಪನಿಯ ರೆಕಾರ್ಡುಗಳಿಗೆ ಒಂದು ಸಾಮಾನ್ಯ ಗುಣ ಉಂಟು, ಪ್ರತಿ ಶಬ್ದದ ಹಿಂದೆ ದೊಡ್ಡ ಹಾಲಿನ ಗುಂಯ್‌ಗುಡುವಿಕೆ. ಸ್ಯಾಕ್ಸೋಫೋನಿಗೆ, ಹಾಡಿಗೆ ಅದು ಚಂದ. ಮೃದಂಗಕ್ಕೆ ನನ್ನ ಪ್ರಕಾರ ಅಲ್ಲ. ಬಲಗಡೆಯ ಚಾಪು, ಮೀಟು ಎಂಬ ಪೆಟ್ಟುಗಳು ಹೊಳೆಯುತ್ತವೆ, ಎಡಗಡೆಯ ಗುಂಕಿ ಎಂಬ ದಪ್ಪ ಶಬ್ದಕ್ಕೆ ಇರಬೇಕಾದ ಭಾರ ಇಲ್ಲ. ಹೊಟ್ಟೆಗೆ ಬಡಿಯಬೇಕಾದದ್ದು ಕಿವಿಯ ಹತ್ತಿರ ಬಂದು ಕರಗಿ ಹೋಗ್ತದೆ. ಘಟದ ಬಾಯಿಯ ಶಬ್ದವೂ ಹಾಗೆ, ಒಂದಕ್ಕೊಂದು ಮೆತ್ತಿಕೊಂಡು ಬರ್ತದೆ. ಅಪ್ಪ ಇದನ್ನು ಒಪ್ಪಲಿಲ್ಲ. ದೇವಸ್ಥಾನದ ಒಳಾಂಗಣದಲ್ಲಿ ಊದಿದರೂ ಹೀಗೇ ಕೇಳ್ತದೆ, ನಿನಗೆ ಮೈಕಿನ ಎದುರಿನ ಒಣ ಶಬ್ದ ಕೇಳಿ ಕೇಳಿ ಅಭ್ಯಾಸ ಕೆಟ್ಟಿದೆ ಅಂದರು. ಇರಬಹುದು. ಆದರೂ ಲಯಕ್ಕಾಗಿ ಕೇಳುವವರಿಗೆ ಈ ಮಾತು ಮೊದಲೇ ಹೇಳಿಬಿಡಬೇಕು.

ಕೊನ್ನಕ್ಕೋಲಿಗೆ ಮಾತ್ರ ಆ ತೊಂದರೆ ಇಲ್ಲ. ‘ತ ಕ ಧಿ ಮಿ’ ಬಿಡಿಬಿಡಿಯಾಗಿ, ಒಂದಕ್ಷರ ನುಂಗದೆ ಕೇಳ್ತದೆ. ಬಾಯಿಯಿಂದ ಹೇಳಿದ್ದೇ ಮರುಕ್ಷಣ ಚರ್ಮದ ಮೇಲೆ, ಮಣ್ಣಿನ ಮೇಲೆ ಬರುವ ಜಾಗಗಳಲ್ಲಿ ಈ ತಂಡ ಎಷ್ಟು ಕಾಲದಿಂದ ಒಟ್ಟಿಗೆ ಕೂತದ್ದು ಎಂದು ಗೊತ್ತಾಗ್ತದೆ. ಕಾಲೇಜನ್ನು ಮಣಿಯವರು ಬೆಂಗಳೂರಿನಲ್ಲಿ ಶುರು ಮಾಡಿದ್ದು 1964ರಲ್ಲಿ. ಪಕ್ಕವಾದ್ಯ ಎಂದು ಬದಿಗೆ ಕೂರಿಸಿದ್ದನ್ನೇ ನಡುವಿಗೆ ತಂದ ಜಾಗ ಅದು. ಮಾರಿಯಾನೋ, ಎಂಬ್ರಿಯೋ ತಂಡ, ಹೀಗೆ ಹೊರಗಿನವರು ಬಂದಾಗ ಇವರು ಅತಿಥಿ ಸತ್ಕಾರಕ್ಕೆಂದು ತಾಳ ಸುಲಭ ಮಾಡಿಕೊಟ್ಟವರಲ್ಲ. ಈ ರೆಕಾರ್ಡಿನ ರಚನೆಗಳಲ್ಲಿ ಹೆಚ್ಚಿನವು ರಮಾಮಣಿಯವರದ್ದೇ. ಹಾಗಾಗಿ ಅಮೆರಿಕದವರು ಬಂದು ನಮ್ಮವರನ್ನು ಹಿನ್ನೆಲೆಗೆ ಇಟ್ಟುಕೊಂಡ ಕತೆ ಇದಲ್ಲ. ಮನೆ ಇವರದ್ದು, ನೆಂಟರು ಅವರು. ಜಾಜ್ ಜಗತ್ತಿನಲ್ಲಿ ಈ ರೆಕಾರ್ಡನ್ನು ಮಾರಿಯಾನೋ ಹೆಸರಿನ ಕೆಳಗೆ ಇಡ್ತಾರೆ, ಅದು ಅಂಗಡಿಯವರ ಅನುಕೂಲ. ಬೆಂಗಳೂರಿನಲ್ಲಾದರೂ ರಮಾಮಣಿಯವರ ಹೆಸರಿನ ಕೆಳಗೆ ಹುಡುಕುವ ಹಾಗಾಗಬೇಕಿತ್ತು.

ಒಂದೆರಡು ಜಾಗದಲ್ಲಿ ನನಗೆ ತಾಳ್ಮೆ ತಪ್ಪಿದ್ದೂ ಉಂಟು. ತಾಳವಾದ್ಯದವರು ಬಿಸಿಯಾಗುವ ಹೊತ್ತಿಗೆ ತುಣುಕು ಮುಗಿಯುತ್ತದೆ. ಎಲ್‌ಪಿಯ ಒಂದು ಬದಿಯಲ್ಲಿ ಹಿಡಿಸುವುದೇ ಅಷ್ಟು, ನಿಜ. ಆದರೆ ಕಚೇರಿಯಲ್ಲಿ ತಾಳವಾದ್ಯದವರಿಗೇ ಬಿಟ್ಟುಕೊಡುವ ತನಿ ಆವರ್ತನ ಕೇಳಿ ಬೆಳೆದವರಿಗೆ ಊಟಕ್ಕೆ ಕೂರಿಸಿ ಪಾಯಸದ ಮೊದಲೇ ಎಲೆ ಎತ್ತಿದ ಬೇಜಾರು ಆಗ್ತದೆ. ಹಾಗೆಯೇ ಕೊಳಲು. ಮಾರಿಯಾನೋ ಅವರ ಕೊಳಲು ಹಿತವಾಗಿದೆ, ಅದಕ್ಕಿಂತ ಹೆಚ್ಚು ಹೇಳಲಾರೆ. ಆಲ್ಟೋದಲ್ಲಿ ಅವರಿಗಿರುವ ಅಧಿಕಾರ ಅದರಲ್ಲಿಲ್ಲ. ನಮ್ಮ ಬಿದಿರಿನ ಕೊಳಲು ಕೇಳಿದ ಕಿವಿಗೆ ಸ್ವಲ್ಪ ಸಪ್ಪೆ.

ತಾಳವಾದ್ಯದ ಕೊರತೆ ತುಂಬಿಸಿಕೊಳ್ಳಲು ಇದೇ ತಂಡದ ಜೊತೆ ಅವರು ಆಮೇಲೆ ಮಾಡಿದ ‘ಲೈವ್’ ಉಂಟು. ವೇದಿಕೆಯ ಮೇಲಿನದ್ದು, ಗುಂಯ್‌ಗುಡುವಿಕೆ ಕಮ್ಮಿ, ಮೃದಂಗಕ್ಕೆ ಮೈ ಬಂದಿದೆ. ಸ್ಯಾಕ್ಸೋಫೋನ್ ಕೂಡ ಹೆಚ್ಚು ಧೈರ್ಯದಲ್ಲಿ ಉಂಟು. ಒಂದನ್ನೇ ಕೊಳ್ಳಬೇಕು, ತಾಳದ ಹುಚ್ಚು ಜಾಸ್ತಿ ಅನ್ನುವವರು ಅದನ್ನೇ ತೆಗೊಳ್ಳಿ. ಊದುವುದು ಹೇಗೆ, ಸುಮ್ಮನಿರುವುದು ಹೇಗೆ ಎಂದು ಕೇಳಬೇಕಾದವರಿಗೆ ‘ಜ್ಯೋತಿ’ಯೇ. ನಮ್ಮ ಕಡೆ ಸ್ಯಾಕ್ಸೋಫೋನ್ ಕಲಿಯುವ ಮಕ್ಕಳಿಗೆ ನಾನು ಇದನ್ನು ಕೇಳಿಸುವುದುಂಟು. ಇವತ್ತಿನ ಮಕ್ಕಳ ಬೆರಳು ಬಹಳ ಚುರುಕು, ಸಿನಿಮಾ ಹಾಡಿನಿಂದ ‘ವಾತಾಪಿ’ವರೆಗೆ ಉಸಿರು ಬಿಡದೆ ಓಡಿಸ್ತಾರೆ. ಒಂದು ಸ್ವರ ಹಿಡಿದು ಎಂಟು ಅಕ್ಷರ ಕಾಲ ನಿಲ್ಲು ಅಂದರೆ ತುಟಿ ನಡುಗ್ತದೆ. ಕದ್ರಿಯವರನ್ನು ಕೇಳು ಅಂದರೆ ಅವರ ವೇಗ ಮಾತ್ರ ಹಿಡೀತಾರೆ. ಈ ಅಮೆರಿಕದವರನ್ನು ಕೇಳುವಾಗ ಹಿಡಿಯಲು ವೇಗವೇ ಸಿಕ್ಕುವುದಿಲ್ಲ, ಹಾಗಾಗಿ ಬೇರೆ ದಾರಿಯಿಲ್ಲದೆ ಸ್ವರವನ್ನು ಕೇಳಬೇಕಾಗ್ತದೆ.

ಮಾರಿಯಾನೋ 2009ರ ಜೂನ್ 16ರಂದು ಜರ್ಮನಿಯ ಕೊಲೋನ್‌ನಲ್ಲಿ ತೀರಿಕೊಂಡರು, ಎಂಬತ್ತೈದು ವರ್ಷ. ಕೊನೆಯವರೆಗೂ ಊದಿದವರು. ‘ಜ್ಯೋತಿ’ಯ ನಂತರದ ಕೆಲಸದಲ್ಲಿ ನನಗೆ ಇಷ್ಟವಾದದ್ದು ಲೆಬನಾನಿನ ಔದ್ (ಅರಬ್ಬರ ತಂತಿವಾದ್ಯ) ವಾದಕ ರಬೀಹ್ ಅಬೂ ಖಲೀಲ್ ಅವರ 1992ರ ‘ಬ್ಲೂ ಕ್ಯಾಮೆಲ್’. ಅದರಲ್ಲಿ ಕೆನ್ನಿ ವೀಲರ್ ಅವರ ತುತ್ತೂರಿ, ಮಾರಿಯಾನೋ ಅವರ ಆಲ್ಟೋ, ಜೊತೆಗೆ ದಕ್ಷಿಣ ಭಾರತದ ತಾಳವಾದ್ಯಗಳನ್ನು ಹಿಡಿದ ರಮೇಶ್ ಶೋತಮ್ ಎಲ್ಲ ಇದ್ದಾರೆ. ನಮ್ಮ ರಾಗದ ಹಾಗಿರುವ ಅರಬ್ಬರ ಮಕಾಮಿನ ಎದುರೂ ಅದೇ ಜಗಲಿಯ ಮರ್ಯಾದೆ. ಗಿಟಾರಿನ ಫಿಲಿಪ್ ಕ್ಯಾಥರೀನ್, ಕೀಬೋರ್ಡಿನ ಯಾಸ್ಪರ್ ಫಾನ್ಟ್ ಹೋಫ್ ಎಪ್ಪತ್ತರ ದಶಕದ ‘ಪೋರ್ಕ್ ಪೈ’ ತಂಡದ ಗೆಳೆಯರು, ಅವರ ಜೊತೆಗಿನ ಮುದಿ ವಯಸ್ಸಿನ ರೆಕಾರ್ಡಿಂಗೂ ಚೆನ್ನಾಗಿದೆ. ಆಲ್ಟೋದ ದನಿ ಸ್ವಲ್ಪ ಒರಟಾಗಿದೆ, ಜಾರು ಹಾಗೇ ಉಂಟು.

ಕೊಳ್ಳುವವರಿಗೆ ಕೆಲವು ಮಾತು. ಹಳೆಯ ಎಲ್‌ಪಿ ಹೊರದೇಶದಿಂದ ತರಿಸಿದರೆ ರೆಕಾರ್ಡಿಗಿಂತ ಅಂಚೆ ಖರ್ಚೇ ಭಾರ. ನನಗೆ ಬಂದದ್ದರ ಕವರಿನ ಒಂದು ಮೂಲೆ ಮಡಚಿತ್ತು, ರೆಕಾರ್ಡಿಗೆ ಪುಣ್ಯಕ್ಕೆ ಏನೂ ಆಗಿರಲಿಲ್ಲ. ಮಾರುವವರಿಂದ ಮೊದಲ ತುಣುಕಿನ ಜಾಗದ ಫೋಟೋ ಕೇಳಿ ತರಿಸಿಕೊಳ್ಳಿ. ಹಾಡು ಒಂದೇ ಇರುವ ಜಾಗ ಅದು, ಸಣ್ಣ ಗೀರು ಇದ್ದರೂ ‘ಚಟ್ ಚಟ್’ ಕೇಳಿಯೇ ಕೇಳ್ತದೆ. ಉಳಿದ ಜಾಗದಲ್ಲಿ ಘಟ ಖಂಜಿರದ ನಡುವೆ ಅದು ಮುಚ್ಚಿಹೋಗಬಹುದು. ಸಿಡಿ ಸಿಕ್ಕಿದರೆ ಈ ತಲೆಬಿಸಿಯಿಲ್ಲ. ಖರ್ಚೇ ಬೇಡ ಅನ್ನುವವರಿಗೆ, ಇಸಿಎಂ ಕಂಪನಿ 2017ರ ನವೆಂಬರಿನಲ್ಲಿ ತನ್ನ ರೆಕಾರ್ಡುಗಳನ್ನು ಸ್ಟ್ರೀಮಿಂಗಿಗೆ ಬಿಟ್ಟಿದೆ, ಅಲ್ಲಿ ಹುಡುಕಿ. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಮೃದಂಗದ ಎಡಗಡೆ ಮೊದಲೇ ಸಪೂರ, ಫೋನಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವ ಹಾಗಾಗ್ತದೆ, ಆಮೇಲೆ ಮಣಿಯವರಿಗೆ ಬಯ್ಯುವುದು ನ್ಯಾಯ ಅಲ್ಲ. ಹೆಡ್‌ಫೋನ್ ಹಾಕಿ, ಆಗದಿದ್ದರೆ ಮನೆಯ ದೊಡ್ಡ ಸ್ಪೀಕರಿಗೆ ಸಿಕ್ಕಿಸಿ, ಬಾಸ್ ಒಂದೆರಡು ಗೆರೆ ಏರಿಸಿಕೊಳ್ಳಿ. ಅಪ್ಪನಿಗೆ ಹೇಳದೆ ನಾನು ಮಾಡುವುದೂ ಅದನ್ನೇ.